ಸೋದರಮಾವನ ರುಮಾಲು

ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಕಣಗಿಲೆಪುರ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಸುಧನ್ವ ತತ್ವಶಾಸ್ತ್ರದಲ್ಲಿ ಎಂಥ ಪಂಡಿತನೆಂದರೆ, ಅವನೆದುರು ವಾದಕ್ಕೆ ಕೂತವರು ಬಾಯಿಗೆ ಬೀಗ ಹಾಕಿಕೊಂಡೇ ಏಳಬೇಕು. ಕೇಳಿಸಿಕೊಳ್ಳುವುದೊಂದನ್ನು ಮಾತ್ರ ಪುಣ್ಯಾತ್ಮ ಕಲಿತಿರಲಿಲ್ಲ.

ಅವನ ಅಕ್ಕ ಇಂದುಮತಿಯ ಪುಟ್ಟ ಮಗಳು ಮಲ್ಲಿ ಜ್ವರ ಬಂದು ತೀರಿಹೋದಳು. ಸುಧನ್ವ ಬಂದವನೇ ನಿಂತುಕೊಂಡೇ ಹೇಳಿದ: "ಅಳಬೇಡ ಅಕ್ಕಾ. ಗಡಿಗೆ ಒಡೆದರೆ ಒಳಗಿನ ಆಕಾಶ ಒಡೆಯುತ್ತದೆಯೇ? ದೇಹವೂ ಗಡಿಗೆಯೇ." ಜೊತೆಗಿದ್ದ ಪಂಡಿತರು ತಲೆದೂಗಿದರು. ಅಕ್ಕ ಅಳು ನುಂಗಿಕೊಂಡಳು.

ಜನ ನುಂಗಿದ ಅಳುವನ್ನೇ ತಿಂದು ಬದುಕುವ ಮಾಂತ್ರಿಕನೊಬ್ಬ ಬೆಟ್ಟದ ಗುಹೆಯಲ್ಲಿದ್ದ. ಅವನು ಅಲ್ಲಿಂದಲೇ ಉಫ್ ಎಂದು ಊದಿದ. ಆ ತಿಂಗಳು ಅಳು ನುಂಗಿದ್ದ ಉಳಿದವರಂತೆ ಇಂದುಮತಿಯೂ ಕಲ್ಲಾದಳು. ಹುಣ್ಣಿಮೆಯೊಳಗೆ ಬಿಡಿಸದಿದ್ದರೆ ಆ ಕಲ್ಲು ಪುಡಿಯಾಗುತ್ತಿತ್ತು.

ಮಾಂತ್ರಿಕನನ್ನು ಕೊಲ್ಲಲು ಸುಧನ್ವ ಕುದುರೆ ಹತ್ತಿದ. ಹೊಳೆಯಲ್ಲಿ ಮೊಸಳೆ ಅಡ್ಡ ಬಂತು. "ಸಾವು ಎಂದರೇನು?" ಎಂದು ಕೇಳಿತು. ಹೇಳಿದ, ದಾರಿ ಬಿಟ್ಟಿತು. ಕಾಡಿನಲ್ಲಿ ಬೆಂಕಿಗಣ್ಣಿನ ಹುಲಿ ಅಡ್ಡ ಬಂತು. "ಆತ್ಮ ಎಂದರೇನು?" ಅದನ್ನೂ ಹೇಳಿದ, ಕೇಳದ ಶ್ಲೋಕಗಳನ್ನೂ ಸೇರಿಸಿ. ಹುಲಿ ಆಕಳಿಸುತ್ತಾ ದಾರಿ ಬಿಟ್ಟಿತು.

ಗುಹೆಯ ಬಾಗಿಲಲ್ಲಿ ಮುದಿ ಗೂಬೆ ಕೂತಿತ್ತು. "ಮಲ್ಲಿಯ ಕಿವಿ ಚುಚ್ಚಿದಾಗ ಯಾರ ತೊಡೆಯ ಮೇಲಿದ್ದಳು?" ಎಂದು ಕೇಳಿತು.

ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಆ ದಿನ ಸುಧನ್ವ ವಾದಸಭೆಯಲ್ಲಿದ್ದ. ಕರೆಯಲು ಬಂದ ಆಳಿನ ಕೈಗೆ ತನ್ನ ತಲೆಯ ರುಮಾಲು ಬಿಚ್ಚಿ ಕೊಟ್ಟು, "ಇದರ ಮೇಲೆ ಕೂರಿಸಿ ಅನ್ನು" ಎಂದಿದ್ದ. ಸಭೆ ನಕ್ಕಿತ್ತು. ಅವನೂ ನಕ್ಕಿದ್ದ.

"ನನ್ನ ರುಮಾಲಿನ ಮೇಲೆ," ಎಂದ. ನಾಚಿಕೆಯಿಂದ ಮುಖ ಸುಡುತ್ತಿತ್ತು. "ನಾನು ಹೋಗಲಿಲ್ಲ. ಆ ಮಗುವನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ."

"ನನಗೇಕೆ ಹೇಳುತ್ತೀಯೋ? ಹೇಳಬೇಕಾದವಳಿಗೆ ಹೇಳು ಹೋಗು," ಎಂದಿತು ಗೂಬೆ. "ಮಾಂತ್ರಿಕನನ್ನು ಕೊಲ್ಲುವ ಕತ್ತಿ ಬೇರೆ ಇಲ್ಲ."

ಸುಧನ್ವ ಹುಲಿಯ ಮುಂದೆ, ಮೊಸಳೆಯ ಮುಂದೆ ತಲೆ ತಗ್ಗಿಸಿಕೊಂಡೇ ಹಿಂದಿರುಗಿದ. ಕಲ್ಲಿನ ಪಾದದ ಬಳಿ ನೆಲದ ಮೇಲೆ ಕೂತ. ಅಭ್ಯಾಸಬಲದಿಂದ ತತ್ವ ಬಾಯಿಗೆ ಬಂತು, ತಡೆದುಕೊಂಡ.

"ತಪ್ಪಾಯ್ತು ಅಕ್ಕಾ. ಕಿವಿ ಚುಚ್ಚೋ ದಿನ ನಾನು ಬರಲಿಲ್ಲ. ಮಲ್ಲಿ ತುಂಬಾ ಅತ್ತಳಾ?"

ಕಲ್ಲಿನ ಕಣ್ಣಿಂದ ನೀರು ಇಳಿಯಿತು. "ಬಾಗಿಲ ಕಡೆಗೇ ನೋಡ್ತಿದ್ದಳು ಕಣೋ," ಎಂದಳು ಇಂದುಮತಿ. ಆಮೇಲೆ ಇಬ್ಬರೂ ಗಟ್ಟಿಯಾಗಿ ಅತ್ತರು.

ಗುಹೆಯಲ್ಲಿ ಮಾಂತ್ರಿಕ ಹಸಿವಿನಿಂದ ಒಣಗಿ ಬೂದಿಯಾದ. ರಾಜ್ಯದಲ್ಲಿ ಕಲ್ಲಾಗಿದ್ದವರೆಲ್ಲ ಎದ್ದು ಮನೆಗೆ ಹೋದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಕ್ಕ ಕೇಳಿದಳು: "ಆ ಗಡಿಗೆಯ ಮಾತು ಸುಳ್ಳೇನೋ?"

"ಸುಳ್ಳಲ್ಲ ಅಕ್ಕಾ. ನಿನ್ನ ಅಳು ಕೇಳೋ ಧೈರ್ಯ ಇಲ್ಲದೆ ಅದನ್ನ ಅಡ್ಡ ಹಿಡಿದೆ."

"ಹಾಗಾದರೆ ಈಗ ಹೇಳು. ಕೂತುಕೊಂಡು ಹೇಳು."

ಕೂತು ಹೇಳಿದ. ಅರ್ಧದಲ್ಲೇ ಅಳತೊಡಗಿದ. ಉಳಿದರ್ಧವನ್ನು ಅಕ್ಕನೇ ಹೇಳಿ ಮುಗಿಸಿದಳು.

ಅಲ್ಲಿಂದ ಮುಂದೆ ಅವರೂ ಸುಖವಾಗಿದ್ದರು, ರಾಜ್ಯವೂ ಸುಖವಾಗಿತ್ತು. ಸುಧನ್ವ ಮಾತ್ರ ಮತ್ತೆಂದೂ ರುಮಾಲು ಸುತ್ತಲಿಲ್ಲ.