ಮೇಜಿನ ಅಂಚುಪಟ್ಟಿ

ಸಂಜೆ ಕ್ಲಾಸಿನಲ್ಲಿ ಒಳಾಂಗಣ ವಿನ್ಯಾಸ ಕಲಿತ ನನಗೆ 2004ರಲ್ಲಿ ಸಿಕ್ಕ ಮೊದಲ ಸ್ವತಂತ್ರ ಕೆಲಸ ಅದು. ಮುಥೈಗಾ ಬಡಾವಣೆಯ ಆ ಮನೆಯ ಒಡತಿ, ಐಷಾರಾಮಿ ಹಡಗುಗಳ ಕೋಣೆಗಳನ್ನು ವಿನ್ಯಾಸ ಮಾಡಿದ ಮೊದಲ ಹೆಂಗಸರಲ್ಲಿ ಒಬ್ಬರು, ತೀರಿಕೊಂಡಿದ್ದರು. ಅವರ ಮೇಜುಗಳಿಗೆಲ್ಲ ಹಡಗಿನಲ್ಲಿರುವಂತೆ ಲೋಟ ಜಾರದ ಅಂಚುಪಟ್ಟಿಗಳಿದ್ದವು. ಮನೆ ಕೊಂಡವರಿಗೆ ಅವು ಬೇಡವಾಗಿದ್ದವು.

ಮಧ್ಯಾಹ್ನ ಮಟ್ಟಸವಾಗಿದೆಯೇ ನೋಡಲು ಮೇಜಿನ ಮೇಲೆ ರಸಮಟ್ಟ ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ನಿಧಾನವಾಗಿ ಎಡಕ್ಕೆ ಹೋಗಿ, ನಿಂತು, ಬಲಕ್ಕೆ ಬಂತು. ನನ್ನ ಕೈ ತಗುಲಿತೇನೋ ಎಂದು ನೆಲದ ಮೇಲಿಟ್ಟು ದೂರ ನಿಂತೆ. ಅಲ್ಲೂ ಹಾಗೇ ಆಯಿತು. ಕಿಟಕಿ ಮುಚ್ಚಿತ್ತು, ಆದರೂ ಪರದೆಗಳು ಗೋಡೆಯಿಂದ ಒಂದು ಗೇಣು ಈಚೆ ಬಂದು ಮತ್ತೆ ಅಂಟಿಕೊಳ್ಳುತ್ತಿದ್ದವು.

ಈ ಕೆಲಸ ಕೊಟ್ಟಿದ್ದ ಗುರುದತ್ತ ಸರ್‌ಗೆ ಫೋನ್ ಮಾಡಿದೆ. "ಸರ್, ನೆಲ ತೂಗ್ತಿರೋ ಹಾಗಿದೆ."

"ಹಡಗಿನ ಮೇಜು ನೋಡಿ ನಿಂಗೆ ತಲೆ ಸುತ್ತಿದೆ ಅಷ್ಟೇ ಕಣಮ್ಮ. ಸಂಜೆಯೊಳಗೆ ಪಟ್ಟಿ ತೆಗೆಸು, ಇಲ್ಲಾಂದ್ರೆ ಕೆಲಸ ಬೇರೆಯವ್ರಿಗೆ ಕೊಡ್ತೀನಿ."

ಮನೆ ನೋಡಿಕೊಳ್ಳುವ ವಂಬುಯಿಯನ್ನು ಈ ಮೇಜುಗಳು ಯಾವ ಹಡಗಿನವು ಎಂದು ಕೇಳಿದೆ.

"ಹಡಗಿನವಲ್ಲ. ಇಲ್ಲೇ ಪಾರ್ಕ್‌ಲ್ಯಾಂಡ್ಸ್ ಕಡೆಯ ಬಡಗಿ ಮಾಡಿದ್ದು. ಮೊದಲು ಪಟ್ಟಿ ಇರಲಿಲ್ಲ. ಈ ಮನೆಗೆ ಬಂದ ವಾರದಲ್ಲೇ ಮೇಡಂ ಅವನನ್ನು ವಾಪಸ್ ಕರೆಸಿ ಹಾಕಿಸಿದರು."

ನಾನು ಪಟ್ಟಿ ತೆಗೆಸಲಿಲ್ಲ. ಕೆಲಸ ಹೋಯಿತು. ಅದೇ ರಸಮಟ್ಟವನ್ನು ಇವತ್ತಿಗೂ ಬಳಸುತ್ತೇನೆ. ಬೇರೆ ಯಾವ ಮನೆಯಲ್ಲೂ ಅದು ತಪ್ಪು ತೋರಿಸಿಲ್ಲ.