ಬ್ರೇಕಿನ ಮೊದಲ ಸದ್ದು

ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದ ಕಾರಿನ ಮುಂದಿನ ಚಕ್ರ ಗಿರಗಿರನೆ ತಿರುಗುತ್ತಿತ್ತು. ಒಳಗೆ ಯಾರೂ ಕುಳಿತಿರಲಿಲ್ಲ. ಡಾಕ್ಟರ್ ಶಾರ್ವರಿ ಕೈಯಲ್ಲಿದ್ದ ಫಲಕದ ಮೇಲೆ ಬೆರಳಿಟ್ಟು, "ಈಗ ಇದು ಕಲಿತ ಪಾಠ ಒಪ್ಪಿಸುತ್ತೆ, ಕೇಳಿ" ಎಂದರು.

ಮೊದಲು ಒಂದು ಸಣ್ಣ ಸದ್ದು ಬಂತು. ಬ್ರೇಕಿನ ಪ್ಯಾಡುಗಳು ಚಕ್ರದ ಡಿಸ್ಕನ್ನು ಮುಟ್ಟಿಯೂ ಮುಟ್ಟದಂತೆ ಸವರಿದ ಸದ್ದು. ಆಮೇಲೆ ಕಣ್ಣು ಮಿಟುಕಿಸುವಷ್ಟು ಬಿಡುವು. ಆಮೇಲೆ ಕಚ್ಚಿ ಹಿಡಿದ ಸದ್ದು. ಚಕ್ರ ನಿಂತುಬಿಟ್ಟಿತು.

ಟೈರುಗಳ ರಾಶಿಗೆ ಒರಗಿ ನಿಂತಿದ್ದ, ಆ ಕಾರಿನ ಚಾಲಕಿ ಪಂಪಾವತಿ ಆ ಸದ್ದನ್ನು ಹಿಂದೆಂದೂ ಕೇಳಿರಲಿಲ್ಲ. ಆದರೂ ಗುರುತು ಹಿಡಿದಳು. ಒಂದು ವರ್ಷದಿಂದ ಅದು ಅವಳ ಬಲಗಾಲಿನೊಳಗೆ ಯಾರಿಗೂ ಕೇಳದಂತೆ ನಡೆಯುತ್ತಿತ್ತು.

ಗಣಿಗಾರಿಕೆ ಮುಗಿದು ಎರಡು ತಲೆಮಾರು ಕಳೆದ ಮೇಲೆ ಸಂಡೂರು ಸೀಮೆಯ ಆ ಮೂಲೆಯಲ್ಲಿ ಉಳಿದದ್ದು ಬೆಟ್ಟವಲ್ಲ, ಬೆಟ್ಟವಿದ್ದ ಜಾಗದ ಗುಂಡಿ. ಅದಿರು ಲಾರಿಗಳು ಸುತ್ತಿ ಸುತ್ತಿ ಇಳಿಯುತ್ತಿದ್ದ ಕೆಂಪು ಮೆಟ್ಟಿಲುಗಳಿಗೆ ಡಾಂಬರು ಹಾಕಿ ಓಟದ ಪಥ ಮಾಡಿದ್ದರು. ಹೆಸರು ಕೆಂಪುಗುಂಡಿ. ಬೇರೆ ಪಥಗಳಲ್ಲಿ ಗೆಲ್ಲುವುದು ಎಂಜಿನ್, ಇಲ್ಲಿ ಗೆಲ್ಲುವುದು ಬ್ರೇಕ್. ಅರ್ಧ ದಾರಿಯೆಲ್ಲ ಇಳಿಜಾರು. ತುಳಿದಾಗಲೆಲ್ಲ ಕಾರಿನ ಭಾರ ಮುಂದಕ್ಕೆ ಮುಗ್ಗರಿಸಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಮುಂದಿನ ಬ್ರೇಕಿಗೆ ಬಲ ಹೆಚ್ಚಾದರೆ ಮುಂದಿನ ಚಕ್ರಗಳು ಬಿಗಿದುಕೊಂಡು, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ಮೊಂಡ ಎತ್ತಿನಂತೆ ನೆಟ್ಟಗೆ ಹೋಗುತ್ತದೆ. ಹಿಂದಿನದಕ್ಕೆ ಹೆಚ್ಚಾದರೆ ಬಾಲ ತಲೆಯನ್ನು ದಾಟಿ ಬರುತ್ತದೆ. ಎರಡರ ನಡುವೆ ಇರುವುದು ಕೂದಲೆಳೆಯಷ್ಟು ಜಾಗ.

ಪಂಪಾವತಿಯ ತಂದೆ ಗಾದಿಲಿಂಗಪ್ಪ ಅವಳು ಓಡಿಸುತ್ತಿದ್ದ ತಂಡದ ಬ್ರೇಕುಗಳ ಮೇಸ್ತ್ರಿ. ಈ ಸಲ ಅವನು ಮುಂದಕ್ಕೆ ದೊಡ್ಡ ಡಿಸ್ಕುಗಳನ್ನೂ ಪ್ಯಾಡುಗಳನ್ನು ಒತ್ತುವ ಆರು ಪಿಸ್ಟನ್ನಿನ ಕ್ಯಾಲಿಪರುಗಳನ್ನೂ ಹಾಕಿದ್ದ. ಬಲ ಬಂತು, ಸಮತೋಲ ಹೋಯಿತು. ಹಿಂದಿನ ಪ್ಯಾಡು ಬದಲಿಸಿದ. ಪೆಡಲಿನ ಹಿಂದಿರುವ, ಮುಂದಿನ ಹಿಂದಿನ ಬ್ರೇಕುಗಳಿಗೆ ಬಲ ಹಂಚುವ ಸಮತೋಲದ ಸಲಾಕೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದ. ಮೇಲಿನ ತಿರುವಿಗೆ ಒಪ್ಪಿದ್ದು ಕೆಳಗಿನ ತಿರುವಿಗೆ ಒಪ್ಪಲಿಲ್ಲ. ಆಗ ತಂಡದ ಮಾಲೀಕ ಎರಿಸ್ವಾಮಿ ಮೈಸೂರಿನ ಪ್ರಯೋಗಶಾಲೆಯಿಂದ ಶಾರ್ವರಿಯವರನ್ನು ಕರೆಸಿದ್ದ.

ಅವರು ತಂದ ಯಂತ್ರದ ಹೆಸರು ಪೂರ್ವಸ್ಪಂದಿ. ಕಾರು ಸಜ್ಜು ಮಾಡುವ ಪಿಟ್ಟಿನವರ ಬಾಯಲ್ಲಿ ಅದು ಬರೀ ಸ್ಪಂದಿ. ಚಾಲಕರ ಬಲಗಾಲಿನ ಮೀನಖಂಡಕ್ಕೆ ಒಂದು ತೆಳು ಪಟ್ಟಿ ಸುತ್ತುತ್ತಾರೆ. ತುಳಿಯಬೇಕೆಂಬ ಅಪ್ಪಣೆ ಮಿದುಳಿನಿಂದ ಹೊರಟು, ಸ್ನಾಯು ಬಿಗಿದು, ಪಾದ ಪೆಡಲನ್ನು ಒತ್ತುವಷ್ಟರಲ್ಲಿ ಕಾರು ಒಂದು ಲಾರಿಯ ಉದ್ದ ಮುಂದೆ ಹೋಗಿರುತ್ತದೆ. ಸ್ನಾಯುವಿನಲ್ಲಿ ಸುಳಿಯುವ ಆ ಸಣ್ಣ ವಿದ್ಯುತ್ತನ್ನು ಪಟ್ಟಿ ಮೊದಲೇ ಗುರುತಿಸುತ್ತದೆ. ಯಾವ ಚಕ್ರಕ್ಕೆ ಎಷ್ಟು ಬಲ ಸಲ್ಲಬೇಕೆಂದು ಲೆಕ್ಕ ಹಾಕಿ, ಪಾದ ಅಲುಗುವ ಮೊದಲೇ ಸ್ಪಂದಿ ಹಂಚಿರುತ್ತದೆ. ಶಾರ್ವರಿಯವರ ಫಲಕದಿಂದ ಬಿಡಿಸದ ಹೊರತು, ಪಟ್ಟಿ ಕಟ್ಟದಿದ್ದರೆ ಬ್ರೇಕ್ ಸಡಿಲವಾಗುವುದಿಲ್ಲ, ಕಾರು ಕದಲುವುದಿಲ್ಲ.

"ಅಲ್ರೀ ಡಾಕ್ಟರಮ್ಮ," ಎಂದ ಎರಿಸ್ವಾಮಿ, "ಇದು ಬ್ರೇಕ್ ಹಾಕತೈತೋ, ಇಲ್ಲಾ ಹಾಕ್ಲೋ ಬ್ಯಾಡೋ ಅಂತ ಬಾಗಿಲು ತಟ್ಟಿ ಕೇಳತೈತೋ?"

"ಕಾಲು ಹೇಗಿದೆಯೋ ಹಾಗೆ ಕಲಿತಿದೆ. ಕೆಲವರ ಕಾಲಲ್ಲಿ ಅಪ್ಪಣೆ ಎರಡು ಸಲ ಬರುತ್ತೆ. ಮೊದಲನೆಯದು ಭಯದ್ದು. ತಿರುವು ಕಂಡ ಕೂಡಲೇ, ತುಳಿ ಅಂತ ಕಾಲು ತಾನೇ ಬಿಗಿಯುತ್ತೆ. ಚಾಲಕರು ಅದನ್ನ ತಡೆದು, ಬೇಕಾದ ಜಾಗಕ್ಕೆ ಬಂದಮೇಲೆ ನಿಜವಾಗಿ ತುಳೀತಾರೆ. ಅದು ಎರಡನೆಯದು. ಸ್ಪಂದಿ ಮೊದಲನೆಯದಕ್ಕೆ ಪ್ಯಾಡುಗಳನ್ನ ಡಿಸ್ಕಿನ ಹತ್ತಿರ ತಂದು ನಿಲ್ಲಿಸಿ, ಎರಡನೆಯದಕ್ಕೆ ಕಚ್ಚಿಸುತ್ತೆ." ಶಾರ್ವರಿ ಫಲಕ ಮಡಚಿದರು. "ನಾನು ಇದನ್ನ ಮಾಡಿದ್ದು ಭಯವನ್ನ ಸೋಸಿ ಹಾಕೋದಕ್ಕೆ. ಈ ಕಾಲಿನಲ್ಲಿ ಸೋಸೋದಕ್ಕೆ ಆಗದಷ್ಟು ಭಯ ಇದೆ."

"ಅಂದ್ರ, ಇದು ಅಂಜಿದ ಕಾಲು," ಎಂದ ಎರಿಸ್ವಾಮಿ.

ಎಲ್ಲರೂ ಪಂಪಾವತಿಯ ಕಡೆ ತಿರುಗಿದರು.

ಕಳೆದ ವರ್ಷ ಕೊಡದ ತಿರುವಿನಲ್ಲಿ ಅವಳ ಕಾರು ಮಗುಚಿ ಬಿದ್ದಿತ್ತು. ದಾರಿ ಕೊಡದ ಕುತ್ತಿಗೆಯಂತೆ ಕಿರಿದಾಗಿ ಒಮ್ಮೆಲೇ ಸುತ್ತಿಕೊಳ್ಳುವ ಜಾಗ ಅದು. ಮುರಿದ ಪಕ್ಕೆಲುಬು ಕೂಡಿಕೊಂಡವು, ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಪ್ರತಿ ತಿರುವಿಗೂ ಕಾಲು ಮೊದಲೇ ಕೂಗುತ್ತಿತ್ತು, ಅವಳು ಅದರ ಬಾಯಿ ಮುಚ್ಚಿಸುತ್ತಿದ್ದಳು. ಹೇಳಿಕೊಳ್ಳುವುದು ಯಾರ ಹತ್ತಿರ? ಎರಿಸ್ವಾಮಿಯ ಕಚೇರಿಯ ಗೋಡೆಯ ಮೇಲೆ ಅವಳ ಅಪ್ಪ ಓಟಗಾರನಾಗಿದ್ದಾಗಿನ ಚಿತ್ರವಿತ್ತು: ಹಿಂದಿನ ಚಕ್ರವೊಂದು ಗಾಳಿಯಲ್ಲಿ, ಒಳಗೆ ನಗುವ ಮುಖ, ಕೆಳಗೆ 'ಅಂಜದ ಗಾದಿಲಿಂಗ' ಎಂಬ ಬರಹ. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಅತ್ತರೂ ಓಣಿಯವರು ಅನ್ನುತ್ತಿದ್ದುದು ಒಂದೇ ಮಾತು: ಗಾದಿಲಿಂಗನ ಮಗಳು ಅಂಜ್ತಾಳೇನು?

"ನೋಡವಾ ಪಂಪಾ," ಎರಿಸ್ವಾಮಿಯ ದನಿ ಮೆತ್ತಗಾಯಿತು. "ತಪ್ಪು ತಿಳೀಬ್ಯಾಡ. ಇವತ್ತ ಅರ್ಹತಾ ಓಟ. ನಿನ್ನ ಬದ್ಲು ತಿಪ್ಪೇಶ ಕುಂದರ್ಲಿ. ನೀನು ಈ ವರ್ಷ ಸುಧಾರಿಸ್ಕ. ಮುಂದ ನೋಡೋಣ."

ಮುಂದೆ ಎಂಬುದು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಸೀಟು ಒಮ್ಮೆ ಬಿಟ್ಟುಕೊಟ್ಟವರು ಕೆಂಪುಗುಂಡಿಯಲ್ಲಿ ಮತ್ತೆ ಕುಳಿತ ಉದಾಹರಣೆ ಇರಲಿಲ್ಲ.

"ಡಾಕ್ಟರಮ್ಮ." ಹಿಂದಿನ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಗಾದಿಲಿಂಗಪ್ಪ ಕೈ ಒರೆಸಿಕೊಳ್ಳುತ್ತ ಎದ್ದ. "ಇದು ಕಲಿಯೋದು ಯಾವಾಗ?"

"ಹೇಳಿದ್ದೆನಲ್ಲ. ಹೊಸ ಬ್ರೇಕ್ ಹದವಾಗುವಾಗ. ಪ್ಯಾಡಿನ ಪದರ ಡಿಸ್ಕಿಗೆ ಅಂಟಿಕೊಳ್ಳೋದನ್ನೂ ಕಾಲನ್ನೂ ಒಟ್ಟಿಗೇ ಕಲಿಯುತ್ತೆ. ಹದ ಮುಗಿದ ಕೂಡಲೇ ಕಲಿಕೆಗೆ ಬೀಗ ಬೀಳುತ್ತೆ. ಆಮೇಲೆ ಯಾರು ಓಡಿಸಿದರೂ ಹೊಸದಾಗಿ ಏನೂ ಕಲಿಯಲ್ಲ."

ಗಾದಿಲಿಂಗಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಹಂಗಾದ್ರ ಅದು ನನ್ನ ಕಾಲು," ಎಂದ.

ಹೊಸ ಪ್ಯಾಡು ಹೊಸ ಡಿಸ್ಕುಗಳನ್ನು ಹಾಗೇ ಓಟಕ್ಕೆ ಬಿಡುವಂತಿಲ್ಲ. ವೇಗ ಹೆಚ್ಚಿಸಿ, ಪೂರ್ತಿ ನಿಲ್ಲಿಸದೆ ನಿಧಾನಿಸಿ, ಮತ್ತೆ ಹೆಚ್ಚಿಸಿ, ಸುಟ್ಟ ವಾಸನೆ ಬರುವವರೆಗೆ ಕಾಯಿಸಬೇಕು. ಬಳಿಕ ಪೆಡಲ್ ಮುಟ್ಟದೆ ಉರುಳಿಸುತ್ತ ಆರಿಸಬೇಕು. ಅದೇ ಹದ. ಗಾದಿಲಿಂಗಪ್ಪನ ಪಿಟ್ಟಿನಲ್ಲಿ ಆ ಕೆಲಸ ಬ್ರೇಕ್ ಕಟ್ಟಿದವನದೇ. ಉಪ್ಪು ನೋಡದೆ ಸಾರು ಬಡಿಸಬಾರದು ಎನ್ನುತ್ತಿದ್ದ ಅವನು. ಶಾರ್ವರಿಯವರ ಪ್ರಯೋಗಶಾಲೆಯಲ್ಲಾದರೋ ಹದ ಮಾಡುತ್ತಿದ್ದದ್ದು ಚಾಲಕರೇ. ಹಾಗಾಗಿ ಯಾರು ಮಾಡಬೇಕೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಹಿಂದಿನ ದಿನ ಬೆಳಗಿನ ಜಾವ ಮಗಳ ಪಟ್ಟಿಯನ್ನು ತನ್ನ ಕಾಲಿಗೆ ಸುತ್ತಿಕೊಂಡು ಗುಂಡಿಗೆ ಇಳಿದಿದ್ದ. ಅದಕ್ಕೂ ಮುಂಚೆ ಅಳತೆಗೆಂದು ಒಮ್ಮೆ ಆ ಪಟ್ಟಿ ಕಟ್ಟಿಕೊಂಡಿದ್ದ ಪಂಪಾವತಿ, ಸ್ಪಂದಿ ಕಲಿತದ್ದು ತನ್ನ ಕಾಲನ್ನೇ ಎಂದುಕೊಂಡಿದ್ದಳು.

"ಮಾವ, ಚ್ಯಾಷ್ಟಿ ಮಾಡಬ್ಯಾಡ," ಎರಿಸ್ವಾಮಿ ನಕ್ಕ. "ಮಗಳನ್ನ ಉಳಿಸ್ಕಳಾಕ ಸುಳ್ಳು ಹೇಳಿದ್ರ ನಾನು ನಂಬತೀನೇನು? ನೀನು ಅಂಜದ ಗಾದಿಲಿಂಗ."

"ಆ ಹೆಸರು ಇಟ್ಟಾವ ನಿಮ್ಮಪ್ಪ. ನಾನಲ್ಲ." ಗಾದಿಲಿಂಗಪ್ಪ ಯಾರ ಮುಖವನ್ನೂ ನೋಡಲಿಲ್ಲ. "ಒಂದು ತಿರುವೂ ಬಿಟ್ಟಿಲ್ಲ ಆ ಅಂಜಿಕಿ. ಓಡಿಸಿದಷ್ಟು ವರ್ಷನೂ, ಪ್ರತಿ ತಿರುವಿಗೂ, ತುಳಿ ತುಳಿ ಅಂತ ಕಾಲು ಒದರತಿತ್ತು. ಇನ್ನೊಂದೀಟು ತಡಿ ಅಂತಿದ್ದೆ. ನಾನು ಕಲ್ತದ್ದು ಅಷ್ಟ."

ಪಂಪಾವತಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಒಂದು ವರ್ಷ ಅವಳು ಅಂಜಿಕೆಯ ಜೊತೆ ಒಬ್ಬಳೇ ಇದ್ದಳು. ಇರಬೇಕಾಗಿರಲಿಲ್ಲ.

"ಹಂಗಾದ್ರ ಪಂಪಾಂದೇನೂ ತಪ್ಪಿಲ್ಲ," ಎಂದ ಎರಿಸ್ವಾಮಿ. "ಅಳಿಸಿ ಹೊಸದಾಗಿ ಕಲಿಸ್ರೀ."

"ಹೊಸ ಪ್ಯಾಡು, ಹೊಸ ಡಿಸ್ಕು ಬೇಕು. ಇವತ್ತು ಆಗಲ್ಲ," ಎಂದರು ಶಾರ್ವರಿ.

"ಹಿಂಗ ಓಡಿಸಿದ್ರ?"

"ಭಯ ಇಲ್ಲದವರು ಓಡಿಸಿದರೆ ಏನಾಗುತ್ತೋ ನನಗೂ ಗೊತ್ತಿಲ್ಲ."

"ಕೊಡ್ರಿ, ನಾ ನೋಡ್ತೀನಿ," ಎಂದು ತಿಪ್ಪೇಶ ಆಗಲೇ ಪಟ್ಟಿ ಎತ್ತಿಕೊಂಡಿದ್ದ. ತಂಡದ ಬದಲಿ ಚಾಲಕ, ಹೊಸಪೇಟೆಯ ಇಪ್ಪತ್ತೆರಡರ ತರುಣ. ಅಂಜಿಕೆ ಎಂದರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುವ ಜಾತಿ.

ಗುಂಡಿಯ ಅಂಚಿನಿಂದ ಇಡೀ ಪಥ ಕಾಣುತ್ತಿತ್ತು. ಕಾರು ಎರಡು ಸುತ್ತು ಮೆಲ್ಲಗೆ ಹೋಯಿತು. ಮೂರನೆಯದರಲ್ಲಿ ತಿಪ್ಪೇಶ ಕೊಡದ ತಿರುವಿಗೆ ಬಾಣದಂತೆ ಬಂದ. ಪಂಪಾವತಿ ಕಿವಿಗೊಟ್ಟು ನಿಂತಳು. ಸಣ್ಣ ಸದ್ದು ಬಂತು. ಎರಡನೆಯದು ಬರಲಿಲ್ಲ. ಬಂದಾಗ ಹೊತ್ತು ಮೀರಿತ್ತು. ಕಾರು ತಿರುವಿನಾಚೆಯ ಜಲ್ಲಿಯೊಳಗೆ ನುಗ್ಗಿ ನಿಂತಿತು, ಕೆಂಪು ಧೂಳು ಮೇಲೆದ್ದಿತು.

ತಿಪ್ಪೇಶ ನಡೆದೇ ಮೇಲೆ ಬಂದ. ಹೆಲ್ಮೆಟ್ಟಿನ ಕೊಂಡಿ ಬಿಚ್ಚಲು ಮೂರು ಸಲ ತಡಕಾಡಿದ.

"ನಿಮ್ಮ ಕಾಲಲ್ಲಿ ಅಪ್ಪಣೆ ಒಂದೇ," ಎಂದರು ಶಾರ್ವರಿ. "ಅದನ್ನೇ ಭಯ ಅಂದುಕೊಂಡು, ನಿಜವಾದದ್ದು ಬರಲಿ ಅಂತ ಸ್ಪಂದಿ ಕಾಯ್ತಾ ಇತ್ತು. ನೀವು ಪೂರ್ತಿ ತುಳಿದ ಮೇಲಷ್ಟೇ ಎಚ್ಚರವಾಯಿತು."

"ನಂಗ ಅಂಜಿಕಿನ ಬರಂಗಿಲ್ರೀ ಮೇಡಂ, ನಾ ಏನ್ ಮಾಡ್ಲಿ?"

"ಈಗ ಬಂದೈತಿ ನೋಡು, ಕಟ್ಟು ಪಟ್ಟಿ," ಎಂದು ಹಿಂದಿನಿಂದ ಯಾರೋ ಅಂದರು. ತಿಪ್ಪೇಶನನ್ನು ಬಿಟ್ಟು ಎಲ್ಲರೂ ನಕ್ಕರು.

ಕಾರನ್ನು ಎಳೆದು ತಂದರು. ಬಂಪರ್ ಸೀಳಿತ್ತು, ಬೇರೇನೂ ಆಗಿರಲಿಲ್ಲ. ಈ ಸಲಕ್ಕೆ ಹೆಸರು ವಾಪಸು ತಗೊಳ್ಳೋಣ ಎಂದು ಎರಿಸ್ವಾಮಿ ಗೊಣಗುತ್ತಿದ್ದ. ಪಂಪಾವತಿ ಬೆಂಚಿನ ಮೇಲಿದ್ದ ಪಟ್ಟಿಯನ್ನು ನೋಡಿದಳು. ಸುಮ್ಮನಿದ್ದರೆ ಅವಳ ಗುಟ್ಟು ಉಳಿಯುತ್ತಿತ್ತು. ಅಂಜಿದ ಕಾಲು ಅಪ್ಪನದೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ಮುಂದಿನ ಓಟಕ್ಕೆ ಅವಳ ಸೀಟು ಅವಳಿಗೇ ಇರುತ್ತಿತ್ತು. ಅವಳು ಕುಳಿತಾಗ ಯಂತ್ರ ಅವಳ ಕಾಲಿನ ಮಾತು ಕೇಳಿ ಎರಡು ಸಲ ಸದ್ದು ಮಾಡಿದರೆ, ಅದೊಂದೇ ಸಾಕು: ಮೇಲಿನಿಂದ ಕೇಳುವವರಿಗೆಲ್ಲ ಅವಳ ಕಾಲಿನ ಕಥೆ ಗೊತ್ತಾಗುತ್ತಿತ್ತು.

ಅವಳು ಪಟ್ಟಿ ಎತ್ತಿಕೊಂಡಳು.

"ಬ್ಯಾಡ ಪಂಪಾ," ಎಂದ ಗಾದಿಲಿಂಗಪ್ಪ. "ತಿಪ್ಪೇಶಗ ಆದಂಗ ನಿನಗೂ ಆಗತೈತಿ. ನಿನಗ ಅಂಜಿಕಿಲ್ಲ."

"ಹಂಗಂತ ಯಾರು ಹೇಳಿದ್ರು ನಿನಗ?"

ಗಾದಿಲಿಂಗಪ್ಪ ಬಗ್ಗಿ, ಮಗಳ ಕಾಲಿಗೆ ಪಟ್ಟಿಯನ್ನು ತಾನೇ ಸುತ್ತಿದ.

ಇಳಿಜಾರು ಕೆಂಪಗೆ ಅವಳತ್ತ ಎದ್ದು ಬಂತು. ಮೊದಲ ತಿರುವಿಗೆ ಕಾಲು ಕೂಗಿತು. ಈ ಸಲ ಅವಳು ಅದರ ಬಾಯಿ ಮುಚ್ಚಿಸಲಿಲ್ಲ, ಕೂಗಲು ಬಿಟ್ಟಳು. ಪೆಡಲಿನ ಅಡಿಯಲ್ಲಿ ಏನೋ ಮೆಲ್ಲಗೆ ಎದ್ದು ಕುಳಿತಂತಾಯಿತು. ಕೇಳಿಸಿತು, ಇನ್ನೊಂದೀಟು ತಡಿ ಎಂದಂತೆ. ಅವಳು ತಡೆದಳು. ಆಮೇಲೆ ತುಳಿದಳು. ತುಳಿಯುವ ಮೊದಲೇ ನಾಲ್ಕು ಚಕ್ರಗಳೂ ನೆಲವನ್ನು ಹಿಡಿದಿದ್ದವು. ಮೂಗು ತಗ್ಗಲಿಲ್ಲ, ಬಾಲ ಅಲುಗಲಿಲ್ಲ. ಕೊಡದ ತಿರುವಿನಲ್ಲಿ ಕಾಲು ಕಿರುಚಿತು. ಸ್ಪಂದಿ ಆ ಕಿರುಚಾಟವನ್ನೂ ಅಪ್ಪ ಓಡಿಸಿದ ಮೂವತ್ತು ವರ್ಷದಿಂದಲೂ ಬಲ್ಲಂತೆ ಕೇಳಿಸಿಕೊಂಡು ಕಾದಿತು. ಕೊಡದ ಕುತ್ತಿಗೆಯೊಳಗಿಂದ ಕಾರು ನೀರು ಜಾರಿದಂತೆ ಜಾರಿ ಹೊರಬಂತು.

ಆ ದಿನ ಅವಳಿಗಿಂತ ಬೇಗ ಯಾರೂ ಸುತ್ತು ಮುಗಿಸಲಿಲ್ಲ. ಆದರೆ ಅವಳು ಪಿಟ್ಟಿಗೆ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಎರಡೂ ಸದ್ದು ಕೇಳಿಸಿತ್ತು.

ಮೊದಲು ಮಾತಾಡಿದವರು ಶಾರ್ವರಿ. "ಪ್ಯಾಡು ಮತ್ತು ಡಿಸ್ಕಿನ ನಡುವಿನ ಸಂದನ್ನ ಭಯ ಮೊದಲೇ ಮುಚ್ಚಿಬಿಡುತ್ತೆ. ಹಾಗಾಗಿ ಎರಡನೆಯದು ಬಂದ ಕ್ಷಣವೇ ಕಚ್ಚುತ್ತೆ. ನಾನು ಸೋಸಿ ಎಸೆಯಬೇಕು ಅಂತ ಇಷ್ಟು ವರ್ಷ ಒದ್ದಾಡಿದ್ದು ಇದನ್ನೇ."

ಎರಿಸ್ವಾಮಿ ಅಪ್ಪನನ್ನೊಮ್ಮೆ ಮಗಳನ್ನೊಮ್ಮೆ ನೋಡಿದ. "ನಾಳಿಂದ ನಾನು ಅಂಜುಬುರುಕರನ್ನ ಹುಡಿಕ್ಕೊಂಡು ತಿರುಗಬೇಕೇನು?" ಎಂದ. ತಮಾಷೆಗೆಂದೇ ಹೇಳಿದ್ದ. ಎರಡು ವರ್ಷದೊಳಗೆ ಎಲ್ಲ ತಂಡಗಳೂ ಅದನ್ನೇ ಮಾಡಿದವು. ಆಯ್ಕೆಗೆ ಬಂದ ಗಟ್ಟಿಗರ ಕಾಲಿಗೆ ಪಟ್ಟಿ ಕಟ್ಟಿ, ಒಂದೇ ಸದ್ದು ಬಂದರೆ ಮನೆಗೆ ಕಳಿಸುತ್ತಿದ್ದರು.

ಅಂದು ಎಲ್ಲರೂ ಊಟಕ್ಕೆ ಹೋದ ಮೇಲೆ ಅಪ್ಪ ಮಗಳು ಇಬ್ಬರೇ ಉಳಿದರು. ಡಿಸ್ಕುಗಳು ಟಿಕ್ ಟಿಕ್ ಎಂದು ಆರುತ್ತಿದ್ದವು.

"ಯಾವಾಗಿಂದ?" ಎಂದು ಕೇಳಿದ ಗಾದಿಲಿಂಗಪ್ಪ.

"ಬಿದ್ದಾಗಿಂದ. ನಿನಗ?"

"ನಾನು ಬೀಳಲೇ ಇಲ್ಲಲ್ಲ. ಹುಟ್ಟಿದಾಗಿಂದ ಇರಬೇಕು."

"ಹೇಳಬೇಕಿತ್ತಪ್ಪಾ."

"ಹೌದು," ಎಂದ ಅವನು. ಬೇರೆ ಸಮಜಾಯಿಷಿ ಕೊಡಲಿಲ್ಲ.

ಇನ್ನು ಮುಂದೆ ಚಾಲಕರೇ ಹದ ಮಾಡಬೇಕೆಂದು ಶಾರ್ವರಿ ನಿಯಮ ಮಾಡಿದರು. ಎಲ್ಲ ತಂಡಗಳೂ ಪಾಲಿಸಿದವು, ಒಂದನ್ನು ಬಿಟ್ಟು. ಹೊಸ ಬ್ರೇಕ್ ಕಟ್ಟಿದಾಗಲೆಲ್ಲ ಬೆಳಗಿನ ಜಾವ ಪಂಪಾವತಿ ತನ್ನ ಪಟ್ಟಿಯನ್ನು ಅಪ್ಪನ ಕಾಲಿಗೆ ಸುತ್ತಿ, ಗುಂಡಿಯ ಅಂಚಿಗೆ ಬಂದು ನಿಲ್ಲುತ್ತಾಳೆ. ಜಾವದ ಮಬ್ಬಿನಲ್ಲಿ ಕೆಳಗೆ ಕಾರು ಕಾಣುವುದಿಲ್ಲ, ಕೆಂಪು ಗೋಡೆಗಳ ನಡುವಿನಿಂದ ಸದ್ದು ಮಾತ್ರ ಏರಿ ಬರುತ್ತದೆ. ಮೊದಲು ಸಣ್ಣದು, ಅದು ಅಂಜಿಕೆಯದು. ಅದು ಬಂದಾಗ ಅವಳೂ ಉಸಿರು ಹಿಡಿಯುತ್ತಾಳೆ. ಎರಡನೆಯದು ಬರುತ್ತದೆ. ಅದು ಅವಳ ಅಪ್ಪ.