ಹೊರೆದಾರಿಯ ಜುಟ್ಟಿನ ಮರ

"ಮರ ಕಡಿದೋನ ಕೈ ಸೇದಿ ಹೋಗ್ಲಿ!" ಎನ್ನುತ್ತ ಎಲ್ಮಿರ್ ಅಂಚೆಮನೆಗೆ ನುಗ್ಗಿದಳು. "ಫಿಲೊಮೆನಕ್ಕಾ, ಅವನು ಯಾರು ಅಂತ ನೀವೇ ಹೇಳ್ಬೇಕು. ಜೈಲಿಗೆ ಹಾಕಿಸ್ತೀನಿ!"

ಫಿಲೊಮೆನ್ ಕಾಗದಗಳಿಗೆ ಮೊಹರು ಒತ್ತುವವಳು. ಆದರೆ ನಮ್ಮೂರಿನ ಕಳವು, ಮೋಸಗಳನ್ನೆಲ್ಲ ಪತ್ತೆಮಾಡುತ್ತಿದ್ದವಳೂ ಅವಳೇ. ನಾನು ಓಕ್ತಾವ್, ಕೆಲಸ ಬಿಟ್ಟ ದೋಣಿಗಾರ, ಅವಳ ಬಾಲ.

ನೂರಮೂವತ್ತು ವರ್ಷದ ಹಿಂದೆ ಕ್ಯಾಪ್ಟನ್ ಥಾರ್ನ್‌ಬಿಯ ತಂಡ ನದಿಯಿಂದ ನದಿಗೆ ದೋಣಿ ಹೊತ್ತು ಇಡೀ ಖಂಡವನ್ನು ದಾಟಿತ್ತು. ದಾರಿ ತೋರಿಸಿದವನು ಎಲ್ಮಿರಳ ಪೂರ್ವಜ ಆಂಬ್ರೋಸ್. ಕ್ಯಾಪ್ಟನ್‌ನ ಗೌರವಕ್ಕೆಂದು ಅವನೇ ದೋಣಿ ಹೊತ್ತು ನಡೆಯುವ ನಮ್ಮ ಹೊರೆದಾರಿಯ ಒಂದು ಸ್ಪ್ರೂಸ್ ಮರ ಹತ್ತಿ, ಕೊಂಬೆ ಸವರಿ, ತುದಿಯಲ್ಲಿ ಜುಟ್ಟು ಬಿಟ್ಟಿದ್ದ. ಅಲ್ಲೇ ಜ್ವರದಿಂದ ಸತ್ತ; ಮಣ್ಣುಮಾಡಿದವರು ಯಾರೋ ಗೊತ್ತಿಲ್ಲ, ಸಮಾಧಿ ಮರದ ಪಕ್ಕದಲ್ಲೇ ಇದೆ. ತಂಡ ಹೋದ ದಾರಿ ಇದೇ ಎನ್ನುವುದಕ್ಕೆ ಆ ಮರವೊಂದೇ ಗುರುತು. ತಂಡದ ನೆನಪಿಗೆ ಕಲ್ಲು ನೆಡಲು ಹೊರಟಿದ್ದ ಸಮಿತಿ, ನಿಂತ ಗುರುತಿಲ್ಲದಿದ್ದರೆ ಕಲ್ಲು ದಕ್ಷಿಣದ ನದಿಗೆ ಎಂದು ಹೇಳಿತ್ತು. ಕಲ್ಲಿನಲ್ಲಿ ಆಂಬ್ರೋಸನ ಹೆಸರೂ ಬರಲೆಂದು ಎಲ್ಮಿರ್ ಎಂಟು ವರ್ಷ ಅರ್ಜಿ ಬರೆದಿದ್ದಳು.

ಹೋಗಿ ನೋಡಿದೆವು. ಮರ ಸಮಾಧಿಯ ಕಡೆಗೆ ವಾಲಿತ್ತು, ಆದರೆ ಬೆಣೆ ಬಡಿದು ಆಚೆಗೆ ಕೆಡವಿದ್ದರು. ಜುಟ್ಟನ್ನು ಕತ್ತರಿಸಿ ಕೆಸರಿನಲ್ಲಿ ತಲೆಕೆಳಗಾಗಿ ನೆಟ್ಟಿದ್ದರು.

"ಕೆಂಡ್ರಿಕ್ಕೇ!" ಎಂದೆ. "ದಾರಿ ದಕ್ಷಿಣದ್ದು ಅಂತ ಪುಸ್ತಕ ಬರ್ದಿರೋ ಸರ್ವೇಯರ್ ಅವನೇ ತಾನೆ?"

"ಬಾಯಿ ಮುಚ್ಚು. ಮೊನ್ನೆ ಅವನು ಊರವರ ಮುಂದೆ ಕ್ಯಾಪ್ಟನ್‌ನ ದಿನಚರಿ ಓದ್ದಾಗ ನಾನಿರ್ಲಿಲ್ಲ. ಏನಾಯ್ತು ಹೇಳು," ಎಂದಳು ಫಿಲೊಮೆನ್.

ಕೆಂಡ್ರಿಕ್ ಇಂಗ್ಲಿಷಿನಲ್ಲಿ ಓದಿದ್ದ, ಎಲ್ಮಿರ್ ನಮ್ಮ ಮಾತಿನಲ್ಲಿ ಹೇಳಿದ್ದಳು. ಆಂಬ್ರೋಸನನ್ನು ಕ್ಯಾಪ್ಟನ್ ಮರ್ಯಾದೆಯಿಂದ ಮಣ್ಣುಮಾಡಿದನೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವಳ ಅಜ್ಜ ಜೊತೀಕ್ ಮಾತ್ರ, ಅವಳು ಬಾಯಿ ತೆರೆಯುವ ಮೊದಲೇ ಚಿಲುಮೆ ಬೀಳಿಸಿಕೊಂಡಿದ್ದ. ಮುದುಕನ ಕೈ ನಡುಕ ಎಂದುಕೊಂಡಿದ್ದೆ.

ಮಧ್ಯಾಹ್ನ ಫಿಲೊಮೆನ್ ಎಲ್ಲರನ್ನೂ ಶಾಲೆಯಲ್ಲಿ ಸೇರಿಸಿದಳು.

"ಕೆಂಡ್ರಿಕ್ ಆಗಿದ್ರೆ ಮರಾನ ವಾಲಿದ ಕಡೆಗೇ ಬೀಳಿಸ್ತಿದ್ದ. ಸಮಾಧಿ ಒಡೆದ್ರೆ ಅವನಿಗೇನು? ಇದು ದೋಣಿಯವರ ಕೆಲಸ. ಗೌರವ ಪಡೆದೋನು ಅಯೋಗ್ಯ ಅಂತ ಗೊತ್ತಾದ್ರೆ, ಮರ ಕಡಿದು ಜುಟ್ಟು ತಲೆಕೆಳಗೆ ನೆಡೋದು ನಮ್ಮ ಪದ್ಧತಿ. ಅಲ್ವೇನೋ ಓಕ್ತಾವ್?"

ಥೂ, ನನಗೆ ಹೊಳೆಯಬೇಕಿತ್ತು! ಸಿಟ್ಟು ಕಣ್ಣು ಕಟ್ಟಿತ್ತು.

ಅವಳು ಕೆಂಡ್ರಿಕ್‌ನ ಕೈಯಿಂದ ದಿನಚರಿ ತೆಗೆದುಕೊಂಡು, ನಮ್ಮ ಮಾತಿನಲ್ಲೇ ಓದಿದಳು. "'ಜ್ವರ ಬಂದ ಆಂಬ್ರೋಸನನ್ನು ಮರದ ಕೆಳಗೆ ಬಿಟ್ಟು ಹೊರಟೆವು. ನೀರು ಕೇಳುತ್ತಿದ್ದ. ಕಾಯಲು ಸಮಯವಿರಲಿಲ್ಲ.'"

ಆಮೇಲೆ ಮುದುಕನ ಕಡೆ ತಿರುಗಿದಳು.

"ಇಂಗ್ಲಿಷ್ ಕೇಳ್ತಿದ್ದ ಹಾಗೇ ನಿನ್ನ ಚಿಲುಮೆ ಬಿತ್ತು, ಜೊತೀಕ್. ಇಂಗ್ಲಿಷಿನವರ ಉಗಿಹಡಗಲ್ಲಿ ಹತ್ತು ವರ್ಷ ಒಲೆಗೆ ಕಟ್ಟಿಗೆ ಹಾಕ್ದೋನಿಗೆ ಇಷ್ಟೂ ಅರ್ಥ ಆಗಲ್ವಾ?"

"ಆಗ್ತದೆ. ಮರ ಕಡ್ದೋನೂ ನಾನೇ," ಎಂದ ಮುದುಕ. ಮೊಮ್ಮಗಳ ಕಡೆ ತಿರುಗಿದ. "ನೀನ್ಯಾಕೆ ಸುಳ್ಳು ಹೇಳ್ದೆ, ಮಗಾ?"

"ಹೆಸರು ಕಲ್ಲಿನ ಮೇಲೆ ಬರ್ಲಿ ಅಂತ, ಅಜ್ಜಾ."

"ನೀರು ಕೊಡದೆ ಹೋದೋನ ಹೆಸರಿನ ಕೆಳಗಾ?"

ಅವಳು ಮುಖ ಮುಚ್ಚಿಕೊಂಡು ಅತ್ತಳು. ಜೈಲಿನ ಮಾತು ಯಾರೂ ಎತ್ತಲಿಲ್ಲ. ಕಲ್ಲು ಕ್ಯಾಪ್ಟನ್ ಕಾಲಿಡದ ದಕ್ಷಿಣದ ನದಿಗೆ ಹೋಯಿತು, ಅವನೊಬ್ಬನ ಹೆಸರು ಹೊತ್ತು. ಎಲ್ಲರೆದುರು ತಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಫಿಲೊಮೆನ್ ನನ್ನ ಮುಂದೆ ಎಷ್ಟು ಸಲ ಹಲುಬಿದಳೋ.

ಮಾರನೆಯ ಬೆಳಿಗ್ಗೆ ಜೊತೀಕ್ ತಗಡಿನ ಲೋಟದಲ್ಲಿ ನೀರು ತುಂಬಿಕೊಂಡು ಸಮಾಧಿಯ ಕಡೆ ನಡೆದ. ಹೆಜ್ಜೆಹೆಜ್ಜೆಗೂ ನೀರು ಚೆಲ್ಲುತ್ತಿತ್ತು. ಎಲ್ಮಿರ್ ಓಡಿಬಂದು ಲೋಟಕ್ಕೆ ಕೈಚಾಚಿದಳು.

ಅವನು ಕೊಡಲಿಲ್ಲ.